ಒಂದೇ ಹುಳ, ಒಂದೇ ವಿಷ, ಮೂರು ದೇಶ: ಗುಲಾಬಿ ಕಾಯಿಕೊರಕದ ಪ್ರಕರಣ

ನೈಸರ್ಗಿಕ ಆಯ್ಕೆ ಅಂದ ಕೂಡಲೇ ಜಿರಾಫೆಯ ಕತ್ತು, ಗಲಾಪಗೋಸ್ ಹಕ್ಕಿಗಳ ಕೊಕ್ಕು, ಇಂಗ್ಲೆಂಡಿನ ಕಪ್ಪು ಪತಂಗ ಇವೇ ನೆನಪಾಗುತ್ತವೆ. ಶಾಲೆಯಲ್ಲಿ ಓದಿದ್ದು ಅಷ್ಟೇ ಅಲ್ವಾ. ಅದರಿಂದ ವಿಕಾಸ ಅಂದರೆ ಎಲ್ಲೋ ದೂರದಲ್ಲಿ, ಯಾವತ್ತೋ ಹಿಂದೆ ನಡೆದದ್ದು ಅನ್ನೋ ಭಾವನೆ ಉಳಿದುಬಿಡುತ್ತದೆ. ಆದರೆ ಗುಜರಾತಿನಿಂದ ಹಿಡಿದು ನಮ್ಮ ರಾಯಚೂರು, ಯಾದಗಿರಿವರೆಗಿನ ಹತ್ತಿ ಹೊಲಗಳಲ್ಲಿ ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಒಂದು ಹುಳ ವಿಕಾಸ ಹೊಂದಿದ್ದನ್ನು ವಿಜ್ಞಾನಿಗಳು ಹೆಜ್ಜೆ ಹೆಜ್ಜೆಗೂ ಬರೆದಿಟ್ಟಿದ್ದಾರೆ. ಅದಕ್ಕೆ ಬೆಲೆ ತೆತ್ತವರು ರೈತರು.

ಹುಳದ ಹೆಸರು ಗುಲಾಬಿ ಕಾಯಿಕೊರಕ. ವಿಷದ ಹೆಸರು ಬಿಟಿ.

ಈ ಪ್ರಕರಣ ನನಗೆ ಇಷ್ಟವಾಗೋದಕ್ಕೆ ಕಾರಣ ಇದೆ. ಇದೇ ಹುಳ, ಇದೇ ವಿಷ ಮೂರು ದೇಶಗಳಲ್ಲಿ ಎದುರಾದವು. ಭಾರತದಲ್ಲಿ ಹುಳ ಗೆದ್ದಿತು. ಅಮೆರಿಕದ ಅರಿಜೋನಾದಲ್ಲಿ ಹುಳ ನಿರ್ನಾಮವಾಯಿತು. ಚೀನಾದಲ್ಲಿ ಹುಳ ಗೆಲ್ಲುತ್ತಾ ಬಂದು ಅರ್ಧ ದಾರಿಯಲ್ಲಿ ಹಿಂದೆ ಸರಿಯಿತು. ವಿಷದ ಶಕ್ತಿ ಎಷ್ಟು, ಹುಳ ಎಷ್ಟು ಗಟ್ಟಿ ಅನ್ನೋದರ ಮೇಲಷ್ಟೇ ಇದು ತೀರ್ಮಾನವಾಗಲಿಲ್ಲ. ಬದುಕುಳಿದ ಪತಂಗ ಯಾರ ಜೊತೆ ಕೂಡಿತು ಅನ್ನೋದರ ಮೇಲೂ ಆಯಿತು. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹುಳದ ಪರಿಚಯ. ಇದು ನಮ್ಮ ಕಡೆಯದೇ. ವಿಜ್ಞಾನ ಇದನ್ನು ಮೊದಲು ದಾಖಲಿಸಿದ್ದು 1843ರಲ್ಲಿ, ಗುಜರಾತಿನ ಭರೂಚ್ ಕಡೆಯ ಹತ್ತಿಯಲ್ಲಿ ಸಿಕ್ಕಿದ್ದರಿಂದ. ಆಮೇಲೆ ಹತ್ತಿ ಬೀಜದೊಳಗೆ ಕೂತು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈಜಿಪ್ಟಿಗೆ ಹೋಯಿತು, ಅಲ್ಲಿಂದ ಮೆಕ್ಸಿಕೋಗೆ, 1917ರಲ್ಲಿ ಅಮೆರಿಕದ ಟೆಕ್ಸಾಸ್‌ಗೆ. ಬೂದು ಬಣ್ಣದ ಪುಟ್ಟ ಪತಂಗ ಎಳೆ ಕಾಯಿಯ ಹತ್ತಿರ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಬಂದ ಮರಿಹುಳ ಸ್ವಲ್ಪ ಹೊತ್ತಿನಲ್ಲೇ ಕಾಯಿ ಕೊರೆದು ಒಳಗೆ ಸೇರಿಕೊಳ್ಳುತ್ತದೆ. ಕೊರೆದ ತೂತು ಮುಚ್ಚಿಕೊಳ್ಳುತ್ತದೆ, ಹೊರಗಿಂದ ನೋಡಿದರೆ ಕಾಯಿ ಚೆನ್ನಾಗೇ ಇರುತ್ತದೆ. ಒಳಗೆ ಬೀಜ ತಿನ್ನುತ್ತಾ, ಅರಳೆ ಕೆಡಿಸುತ್ತಾ ಹುಳ ಬೆಳೆಯುತ್ತದೆ. ಕಾಯಿ ಸೀಳಿ ನೋಡಿದಾಗಲೇ ಗೊತ್ತಾಗೋದು. ಒಳಗೆ ಸೇರಿದ ಮೇಲೆ ಯಾವ ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಒಂದು ತಿಂಗಳು, ಅಂದರೆ ಒಂದೇ ಬೆಳೆಯಲ್ಲಿ ಹಲವು ಪೀಳಿಗೆ ಮುಗಿದುಹೋಗುತ್ತದೆ. ಮುಖ್ಯವಾದ ಇನ್ನೊಂದು ಮಾತು: ಇದು ಹೆಚ್ಚುಕಡಿಮೆ ಹತ್ತಿಯೊಂದನ್ನೇ ನಂಬಿಕೊಂಡ ಹುಳ. ಬೆಂಡೆಯಂಥ ಹತ್ತಿಯ ನೆಂಟರ ಮೇಲೆ ಒಮ್ಮೊಮ್ಮೆ ಸಿಗುತ್ತದೆ, ಅಷ್ಟೇ.

ಇನ್ನು ವಿಷ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಕೆಲವು ಪ್ರೋಟೀನುಗಳನ್ನು ಮಾಡುತ್ತದೆ. ಅವು ಪತಂಗದ ಮರಿಹುಳಗಳಿಗೆ ವಿಷ, ನಮಗಲ್ಲ. ಆ ಬ್ಯಾಕ್ಟೀರಿಯಾದ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಅದೇ ಬಿಟಿ. ಕ್ರೈ1ಎಸಿ ಅನ್ನೋ ಪ್ರೋಟೀನಿನ ಜೀನನ್ನು ಹತ್ತಿ ಗಿಡಕ್ಕೆ ಸೇರಿಸಿದಾಗ ಗಿಡವೇ ವಿಷ ತಯಾರಿಸತೊಡಗಿತು. ಹುಳ ತಿಂದಾಗ ಈ ಪ್ರೋಟೀನು ಅದರ ಕರುಳಿನ ಗೋಡೆಯ ಮೇಲಿನ ಕ್ಯಾಡ್ಹೆರಿನ್ ಅನ್ನೋ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಕರುಳಿನ ಕೋಶಗಳಿಗೆ ತೂತು ಬೀಳುತ್ತದೆ, ಹುಳ ತಿನ್ನೋದು ಬಿಟ್ಟು ಸಾಯುತ್ತದೆ. ಅಂಟಿಕೊಳ್ಳೋಕೆ ಆ ಕ್ಯಾಡ್ಹೆರಿನ್ ಸರಿಯಾಗಿ ಇರಲೇಬೇಕು. ಕಥೆಯ ಕೀಲಿ ಇರೋದು ಅಲ್ಲೇ.

ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು ನಮ್ಮಲ್ಲೇ ದೊಡ್ಡ ಗಲಾಟೆ ಆಗಿತ್ತು; 1998ರಲ್ಲಿ ಪ್ರೊ. ನಂಜುಂಡಸ್ವಾಮಿ ಅವರ ರೈತ ಸಂಘದವರು ರಾಯಚೂರು ಕಡೆ ಪ್ರಯೋಗದ ಹೊಲಗಳ ಹತ್ತಿ ಕಿತ್ತು ಸುಟ್ಟಿದ್ದರು. ಆ ವಾದ-ವಿವಾದ ಬೇರೆಯೇ ವಿಷಯ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ. 2001ರಲ್ಲೇ ಗುಜರಾತಿನ ಸಾವಿರಾರು ಎಕರೆಯಲ್ಲಿ ಅನುಮತಿ ಇಲ್ಲದ ಬಿಟಿ ಹತ್ತಿ ಬೆಳೆದಿದ್ದು ಪತ್ತೆಯಾಗಿತ್ತು. ಅಂದರೆ ಅಲ್ಲಿನ ಹುಳಗಳು ಮಿಕ್ಕವಕ್ಕಿಂತ ಮೊದಲೇ ಈ ವಿಷದ ರುಚಿ ನೋಡಿದ್ದವು. ಇದನ್ನು ನೆನಪಿಟ್ಟುಕೊಳ್ಳಿ. 2006ರಲ್ಲಿ ಎರಡನೇ ವಿಷ, ಕ್ರೈ2ಎಬಿ, ಸೇರಿಸಿದ ಬೋಲ್‌ಗಾರ್ಡ್-2 ಅನ್ನೋ ಬೀಜ ಬಂತು. ಹತ್ತು ವರ್ಷದೊಳಗೆ ದೇಶದ ಹತ್ತಿಯಲ್ಲಿ ಶೇ 90ಕ್ಕಿಂತ ಜಾಸ್ತಿ ಬಿಟಿಯೇ ಆಗಿಹೋಯಿತು. ಮೊದಮೊದಲು ಕಾಯಿಕೊರಕಕ್ಕೆ ಔಷಧಿ ಹೊಡೆಯೋದು ನಿಜಕ್ಕೂ ಕಡಿಮೆಯಾಯಿತು. ರೈತರು ಸುಮ್ನೆ ಈ ಬೀಜದ ಹಿಂದೆ ಬೀಳಲಿಲ್ಲ.

2009ರ ಹಂಗಾಮಿನಲ್ಲಿ ಗುಜರಾತಿನಿಂದ ತಂದ ಹುಳಗಳು ಕ್ರೈ1ಎಸಿ ತಿಂದೂ ಬದುಕಿದವು. 2010ರ ಮಾರ್ಚ್‌ನಲ್ಲಿ ಈ ಬೀಜದ ತಂತ್ರಜ್ಞಾನ ತಂದ ಮಾನ್ಸಾಂಟೊ ಕಂಪನಿಯೇ ಇದನ್ನು ಹೇಳಿತು: ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳಲ್ಲಿ ಗುಲಾಬಿ ಹುಳ ಮೊದಲ ವಿಷಕ್ಕೆ ಬಗ್ಗುತ್ತಿಲ್ಲ, ಬೋಲ್‌ಗಾರ್ಡ್-2 ಬಳಸಿ ಅಂತ. ಇದೆಲ್ಲ ಹೊಸ ಬೀಜ ಮಾರುವ ತಂತ್ರ ಅಂತ ಅನುಮಾನಪಟ್ಟವರೂ ಇದ್ದರು. ಆದರೆ ಭಾರತದ ವಿಜ್ಞಾನಿಗಳು ಅಮ್ರೇಲಿಯ ಹುಳಗಳನ್ನು ಬೇರೆಯಾಗಿ ಪರೀಕ್ಷಿಸಿದಾಗಲೂ ಅದೇ ಫಲಿತಾಂಶ ಬಂತು. ಮುಂದೆ 2014-15ರ ಹೊತ್ತಿಗೆ ಎರಡನೇ ವಿಷವೂ ಸೋತಿತು. ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶ, ತೆಲಂಗಾಣ, ಆಂಧ್ರ, ಕರ್ನಾಟಕ, ಹೀಗೆ ಮಧ್ಯ ಮತ್ತು ದಕ್ಷಿಣ ಭಾರತದ ಹತ್ತಿ ಸೀಮೆಯ ಉದ್ದಕ್ಕೂ ಎರಡೂ ವಿಷ ತಾಳಿಕೊಳ್ಳುವ ಹುಳ ಸಿಕ್ಕಿತು. 2021ರ ಹೊತ್ತಿಗೆ ಪಂಜಾಬ್, ಹರಿಯಾಣ, ರಾಜಸ್ಥಾನದ ಬಿಟಿ ಹತ್ತಿಗೂ ಈ ಹುಳ ದೊಡ್ಡ ಪೆಟ್ಟು ಕೊಡತೊಡಗಿತು.

ಈಗ ಇದನ್ನು ಜನ ವಿವರಿಸುವ ರೀತಿ ನೋಡಿ. "ಹುಳ ವಿಷಕ್ಕೆ ಒಗ್ಗಿಕೊಂಡಿದೆ ಸಾರ್." ಖಾರ ತಿಂದು ತಿಂದು ನಾಲಿಗೆಗೆ ಅಭ್ಯಾಸ ಆಗೋ ಹಾಗೆ ಹುಳಕ್ಕೂ ಬಿಟಿ ಅಭ್ಯಾಸ ಆಯಿತು ಅನ್ನೋ ಅರ್ಥದಲ್ಲಿ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಹಾಗಾಗಲಿಲ್ಲ. ಮಾಮೂಲಿ ಹುಳ ಬಿಟಿ ಬೀಜ ತಿಂದರೆ ಅಭ್ಯಾಸ ಮಾಡಿಕೊಳ್ಳೋಕೆ ಅದಕ್ಕೆ ಸಮಯವೇ ಇಲ್ಲ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಬದುಕಿದ ಹುಳ ಏನನ್ನೂ ಕಲಿತಿರಲಿಲ್ಲ. ಅದು ಹುಟ್ಟುವಾಗಲೇ ಅದರ ಕ್ಯಾಡ್ಹೆರಿನ್ ಜೀನ್ ಕೆಟ್ಟಿತ್ತು. ವಿಷ ಅಂಟಿಕೊಳ್ಳೋ ಜಾಗವೇ ಇಲ್ಲ, ಹಾಗಾಗಿ ವಿಷ ಬಂದ ಹಾಗೇ ಹೊರಟುಹೋಯಿತು. ಇಂಥ ಕೆಟ್ಟ ಜೀನ್ ಇರುವ ಹುಳಗಳು ಬಿಟಿ ಹತ್ತಿ ಬರುವ ಮೊದಲೂ ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತವೆ. ಜೀನು ನಕಲಾಗುವಾಗ ತಪ್ಪುಗಳು ಆಗುತ್ತಲೇ ಇರುತ್ತವೆ, ಯಾವ ವಿಷವನ್ನೂ ಮನಸ್ಸಿನಲ್ಲಿಟ್ಟುಕೊಂಡು ಆಗುವುದಿಲ್ಲ. ಬಿಟಿ ಬಂದ ಮೇಲೆ ಆದದ್ದು ಇಷ್ಟು: ಆ ತಪ್ಪು ಇಲ್ಲದವು ಸತ್ತವು, ಇದ್ದವು ಮರಿ ಹಾಕಿದವು.

ಭಾರತದ ಹೊಲಗಳಿಂದ ತಂದ ಹುಳಗಳ ಕ್ಯಾಡ್ಹೆರಿನ್ ಜೀನನ್ನು ಓದಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಒಂದೇ ಒಂದು ಬಗೆಯ ತಪ್ಪು ಎಲ್ಲ ಕಡೆ ಹರಡಿರಬಹುದು ಅಂತ ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಆಶ್ಚರ್ಯ ಕಾದಿತ್ತು. ಕೆಟ್ಟ ಜೀನಿನ ಎಂಟು ಬೇರೆ ಬೇರೆ ರೂಪಗಳು ಸಿಕ್ಕವು. ಅರಿಜೋನಾದ ಹುಳಗಳಲ್ಲಿ ಮೊದಲೇ ಗೊತ್ತಿದ್ದ ಮೂರು ರೂಪಗಳು ಇವುಗಳಲ್ಲಿ ಇರಲೇ ಇಲ್ಲ. ನನಗಂತೂ ಇಡೀ ಪ್ರಕರಣದಲ್ಲಿ ತುಂಬ ಹಿಡಿಸಿದ ಸಂಗತಿ ಇದು. ಒಂದು ಪ್ರೋಟೀನನ್ನು ಹೊಸದಾಗಿ ಕಟ್ಟೋದು ಕಷ್ಟ, ಕೆಡಿಸೋಕೆ ನೂರು ದಾರಿ. ಆಯ್ಕೆಗೆ ಬೇಕಾದದ್ದು ವಿಷ ಅಂಟಬಾರದು ಅನ್ನೋದು ಮಾತ್ರ. ಯಾವ ತಪ್ಪಿನಿಂದ ಅಂಟಲಿಲ್ಲ ಅನ್ನೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಎರಡನೇ ವಿಷ ಕ್ರೈ2ಎಬಿ ಬೇರೆ ಜಾಗಕ್ಕೆ ಸಂಬಂಧಿಸಿದ್ದು, ಅದನ್ನು ತಾಳುವ ಹುಳಗಳಲ್ಲಿ ಎಬಿಸಿಎ2 ಅನ್ನೋ ಇನ್ನೊಂದು ಜೀನು ಕೆಟ್ಟಿತ್ತು.

ಇಷ್ಟೇ ಆಗಿದ್ದರೆ ಎಲ್ಲ ದೇಶದಲ್ಲೂ ಹುಳ ಗೆಲ್ಲಬೇಕಿತ್ತು. ಯಾಕೆ ಹಾಗಾಗಲಿಲ್ಲ ಅಂತ ತಿಳಿಯೋಕೆ ಸ್ವಲ್ಪ ಲೆಕ್ಕ ಬೇಕು. ಭಯಪಡಬೇಡಿ, ಕಾಲೇಜಿನ ಲೆಕ್ಕವಲ್ಲ.

ಪ್ರತಿ ಹುಳದಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ವಿಷಕ್ಕೆ ಸಾಯುವಂತೆ ಮಾಡುವ ಮಾಮೂಲಿ ಪ್ರತಿಯನ್ನು 'ಸ' ಅನ್ನೋಣ, ವಿಷ ತಾಳುವ ಕೆಟ್ಟ ಪ್ರತಿಯನ್ನು 'ತ' ಅನ್ನೋಣ. ಸಾವಿರ ಪ್ರತಿಯಲ್ಲಿ ಒಂದು 'ತ' ಇದೆ ಅಂತ ಇಟ್ಟುಕೊಳ್ಳಿ. ಆಗ ಹತ್ತು ಲಕ್ಷ ಹುಳಗಳಲ್ಲಿ ಎರಡೂ ಪ್ರತಿ ಕೆಟ್ಟ 'ತತ' ಹುಳ ಸುಮಾರು ಒಂದೇ ಒಂದು. ಒಂದು ಪ್ರತಿ ಮಾತ್ರ ಕೆಟ್ಟ 'ಸತ' ಹುಳಗಳು ಸುಮಾರು ಎರಡು ಸಾವಿರ. ಮಿಕ್ಕವೆಲ್ಲ 'ಸಸ'. ಈಗ ಪ್ರಶ್ನೆ, 'ಸತ' ಹುಳ ಬಿಟಿ ಕಾಯಿ ತಿಂದರೆ ಏನಾಗುತ್ತದೆ? ಗಿಡದಲ್ಲಿ ವಿಷ ಜೋರಾಗಿದ್ದರೆ ಅದೂ ಸಾಯುತ್ತದೆ, ಯಾಕೆಂದರೆ ಅದರ ಕರುಳಿನಲ್ಲಿ ಒಳ್ಳೆಯ ಕ್ಯಾಡ್ಹೆರಿನ್ ಇನ್ನೂ ಇದೆ. ಹತ್ತು ಲಕ್ಷದಲ್ಲಿ ಬದುಕಿದ್ದು ಒಂದು. ಆದರೆ ವಿಷ ಕಡಿಮೆ ಇದ್ದು 'ಸತ' ಬದುಕಿಬಿಟ್ಟರೆ? ಉಳಿದದ್ದು ಎರಡು ಸಾವಿರ, ಅವುಗಳ ಜೀನಿನಲ್ಲಿ ಅರ್ಧ 'ತ', ಅವು ತಮ್ಮತಮ್ಮಲ್ಲೇ ಕೂಡಿದರೆ ಮುಂದಿನ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು 'ತತ'. ಹತ್ತು ಲಕ್ಷದಲ್ಲಿ ಒಂದು ಇದ್ದದ್ದು ಒಂದೇ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು! ಇದು ಅತಿರೇಕದ ಲೆಕ್ಕ, ನಿಜವಾದ ಹೊಲದಲ್ಲಿ ಇಷ್ಟು ನೀಟಾಗಿ ನಡೆಯುವುದಿಲ್ಲ. ಆದರೂ ವಿಷ ಸ್ವಲ್ಪ ಕಡಿಮೆಯಾದರೆ ಎಷ್ಟು ದೊಡ್ಡ ವ್ಯತ್ಯಾಸ ಆಗುತ್ತದೆ ಅಂತ ತೋರಿಸೋಕೆ ಸಾಕು.

ಮೊದಲನೇ ಸಂದರ್ಭಕ್ಕೇ ವಾಪಸ್ ಬರೋಣ, ಬದುಕಿದ್ದು ಒಂದು ಅನ್ನೋದಕ್ಕೆ. ಆ 'ತತ' ಪತಂಗಕ್ಕೆ ಜೋಡಿ ಬೇಕು. ಸುತ್ತ ಬರೀ ಬಿಟಿ ಹತ್ತಿಯೇ ಇದ್ದರೆ ಅದಕ್ಕೆ ಸಿಗೋದು ತನ್ನ ಹಾಗೇ ಬದುಕಿ ಬಂದ ಇನ್ನೊಂದು 'ತತ'. ಮರಿಗಳೆಲ್ಲ 'ತತ'. ಪಕ್ಕದಲ್ಲಿ ಒಂದಷ್ಟು ಸಾದಾ ಹತ್ತಿ ಇದ್ದರೆ, ಅದರಿಂದ ಸಾವಿರಾರು 'ಸಸ' ಪತಂಗಗಳು ಹಾರಿ ಬರುತ್ತವೆ. ನಮ್ಮ 'ತತ' ಅವುಗಳ ಪೈಕಿ ಒಂದರ ಜೊತೆ ಕೂಡುವ ಸಾಧ್ಯತೆಯೇ ಜಾಸ್ತಿ. ಮರಿಗಳೆಲ್ಲ 'ಸತ'. ಅವು ಬಿಟಿ ಕಾಯಿಗೆ ಹೋದರೆ ಸಾಯುತ್ತವೆ. ಈ ಸಾದಾ ಹತ್ತಿಗೇ ಆಶ್ರಯ ಬೆಳೆ ಅನ್ನೋದು. ಹುಳ ಸಾಕೋಕೆ ಜಾಗ ಬಿಡೋದು! ರೈತರಿಗೆ ಇದನ್ನು ಹೇಳಿದರೆ ನಗುತ್ತಾರೆ, ನಗೋದೂ ಸಹಜ.

ಇದರ ಜೊತೆ ಇನ್ನೊಂದು ಅಂಶ. ಕ್ಯಾಡ್ಹೆರಿನ್ ಕೆಟ್ಟ ಹುಳಕ್ಕೆ ಬಿಟಿ ಹೊಲದಲ್ಲಿ ಲಾಭ, ಸಾದಾ ಹೊಲದಲ್ಲಿ ನಷ್ಟ. ಅರಿಜೋನಾದ ಹುಳಗಳಲ್ಲಿ ಇದನ್ನು ಅಳೆದಿದ್ದಾರೆ. ಸಾದಾ ಹತ್ತಿಯ ಮೇಲೆ 'ತತ' ಹುಳ ಮಾಮೂಲಿ ಹುಳಕ್ಕಿಂತ ಕಡಿಮೆ ಬದುಕುತ್ತದೆ, ಚಳಿಗಾಲ ದಾಟುವುದೂ ಕಡಿಮೆ. ಹತ್ತಿ ಗಿಡ ತಾನೇ ತಯಾರಿಸುವ ಗಾಸಿಪಾಲ್ ಅನ್ನೋ ಕಹಿ ರಾಸಾಯನಿಕ ಜಾಸ್ತಿ ಇದ್ದ ಕಡೆ ಈ ನಷ್ಟ ಇನ್ನೂ ಹೆಚ್ಚು. ಅಂದರೆ ಆಶ್ರಯ ಬೆಳೆಯಲ್ಲಿ ಆಯ್ಕೆಯ ಗಾಳಿ ಉಲ್ಟಾ ಬೀಸುತ್ತದೆ. ಹೊಂದಿಕೊಳ್ಳೋದು ಅಂದರೆ ಎಲ್ಲ ಕಡೆಗೂ ಗಟ್ಟಿಯಾಗೋದಲ್ಲ, ಒಂದು ಜಾಗಕ್ಕೆ ಒಗ್ಗೋದು.

ಅರಿಜೋನಾದಲ್ಲಿ 1996ರಲ್ಲಿ ಬಿಟಿ ಹತ್ತಿ ಬಂತು. 1997ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಬ್ರೂಸ್ ಟಬಾಶ್ನಿಕ್ ಮತ್ತು ಸಂಗಡಿಗರು ಅಲ್ಲಿನ ಹುಳಗಳನ್ನು ಪರೀಕ್ಷಿಸಿದಾಗ 'ತ' ಪ್ರತಿ ನೂರಕ್ಕೆ 16ರಷ್ಟು ಇದೆ ಅಂತ ಅಂದಾಜು ಬಂತು. ಇದು ಭಯಂಕರ ಸಂಖ್ಯೆ. ನಾನು ಮೇಲೆ ಸಾವಿರಕ್ಕೆ ಒಂದು ಅಂತ ಲೆಕ್ಕ ಹಾಕಿದೆ ನೋಡಿ, ಅದರ ನೂರ ಅರವತ್ತು ಪಟ್ಟು. ನೂರು ಹುಳಗಳಲ್ಲಿ ಎರಡು ಮೂರು ಆಗಲೇ 'ತತ'. ಒಂದೆರಡು ವರ್ಷದಲ್ಲಿ ಬಿಟಿ ಹತ್ತಿಯ ಕಥೆ ಮುಗಿಯಿತು ಅಂತಲೇ ಅನ್ನಿಸುವಂಥ ಪರಿಸ್ಥಿತಿ. ಆದರೆ ಮುಂದಿನ ವರ್ಷಗಳಲ್ಲಿ ಆ ಪ್ರಮಾಣ ಏರಲಿಲ್ಲ, ಇಳಿಯಿತು! ಅಲ್ಲಿ ಆಶ್ರಯ ಬೆಳೆ ಕಡ್ಡಾಯವಾಗಿತ್ತು, ಬಹುಪಾಲು ಬೆಳೆಗಾರರು ಅದನ್ನು ಪಾಲಿಸಿದರು. ಗಿಡದ ವಿಷ 'ಸತ' ಹುಳವನ್ನು ಕೊಲ್ಲುವಷ್ಟು ಜೋರಾಗಿತ್ತು. ಸಾದಾ ಹತ್ತಿಯಲ್ಲಿ 'ತತ' ಹುಳಕ್ಕೆ ನಷ್ಟವೂ ಆಗುತ್ತಿತ್ತು. ಮೂರೂ ಸೇರಿ ಹುಳವನ್ನು ಹಿಡಿದಿಟ್ಟವು.

2006ರಿಂದ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಶ್ರಯ ಬೆಳೆಯ ಬದಲು, ಫೀನಿಕ್ಸ್ ನಗರದ ಸಾಕಣೆ ಕೇಂದ್ರದಲ್ಲಿ ಪತಂಗಗಳನ್ನು ಬೆಳೆಸಿ, ವಿಕಿರಣದಿಂದ ಬಂಜೆ ಮಾಡಿ, ವಿಮಾನದಿಂದ ಹೊಲಗಳ ಮೇಲೆ ಬಿಟ್ಟರು. ಒಂದೆರಡು ಲಕ್ಷವಲ್ಲ, ನೂರಾರು ಕೋಟಿ ಪತಂಗ. ಅವುಗಳ ಮೇವಿಗೆ ಕೆಂಪು ಬಣ್ಣ ಬೆರೆಸುತ್ತಿದ್ದರು, ಬಲೆಗೆ ಬಿದ್ದ ಪತಂಗ ಹೊಲದ್ದೋ ಕೇಂದ್ರದ್ದೋ ಅಂತ ಗೊತ್ತಾಗಲಿ ಅಂತ. ಬಿಟಿ ಹೊಲದಲ್ಲಿ ಬದುಕಿ ಬಂದ ಪತಂಗ ಈ ಬಂಜೆ ಪತಂಗದ ಜೊತೆ ಕೂಡಿದರೆ ಮರಿಯೇ ಇಲ್ಲ. ನಾಲ್ಕೇ ವರ್ಷದಲ್ಲಿ ಹುಳ ಶೇ 99ಕ್ಕಿಂತ ಜಾಸ್ತಿ ಕಡಿಮೆಯಾಯಿತು. 2018ರಲ್ಲಿ ಅಮೆರಿಕದ ಕೃಷಿ ಇಲಾಖೆ ಅಲ್ಲಿನ ಹತ್ತಿ ಸೀಮೆ ಗುಲಾಬಿ ಹುಳದಿಂದ ಮುಕ್ತ ಅಂತ ಘೋಷಿಸಿತು.

ಚೀನಾದ ಕಥೆ ಇನ್ನೂ ವಿಚಿತ್ರ, ಯಾಕೆಂದರೆ ಅಲ್ಲಿ ಯಾರೂ ಇದನ್ನು ಯೋಜನೆ ಹಾಕಿ ಮಾಡಲಿಲ್ಲ. ಯಾಂಗ್ಟ್ಸಿ ನದಿ ಬಯಲಿನಲ್ಲಿ ಆಶ್ರಯ ಬೆಳೆಯ ಕಡ್ಡಾಯ ಇರಲಿಲ್ಲ. 2010ರವರೆಗೆ ತಾಳುವ ಹುಳಗಳು ನಿಧಾನಕ್ಕೆ ಏರುತ್ತಾ ಬಂದವು. ಅಷ್ಟರಲ್ಲಿ ರೈತರು ಎರಡನೇ ಪೀಳಿಗೆಯ ಹೈಬ್ರಿಡ್ ಬೀಜ ಜಾಸ್ತಿ ಹಾಕತೊಡಗಿದರು. ಬಿಟಿ ಗಿಡಕ್ಕೂ ಸಾದಾ ಗಿಡಕ್ಕೂ ಅಡ್ಡತಳಿ ಮಾಡಿ, ಅದರ ಮಕ್ಕಳನ್ನು ಮತ್ತೆ ಬೆಳೆಸಿ ತೆಗೆದ ಬೀಜ ಅದು. ಅಗ್ಗ, ಅದಕ್ಕೇ ಹಾಕಿದರು. ಮೆಂಡಲ್ ಹೇಳಿದ ಲೆಕ್ಕದಂತೆ ಅದರಲ್ಲಿ ನಾಲ್ಕರಲ್ಲಿ ಒಂದು ಗಿಡಕ್ಕೆ ಬಿಟಿ ಇರುವುದಿಲ್ಲ. ಯಾರಿಗೂ ಗೊತ್ತಿಲ್ಲದೆ ಹೊಲದೊಳಗೇ ಶೇ 25 ಆಶ್ರಯ ಬೆಳೆ! ಗುಲಾಬಿ ಹುಳ ಗಿಡದಿಂದ ಗಿಡಕ್ಕೆ ಓಡಾಡುವುದಿಲ್ಲ, ಒಂದು ಕಾಯಿಯಲ್ಲೇ ಬೆಳೆದು ಮುಗಿಸುತ್ತದೆ, ಹಾಗಾಗಿ ಸಾದಾ ಗಿಡದ ಮೇಲೆ ಹುಟ್ಟಿದ 'ಸಸ' ಹುಳಗಳು ಅಲ್ಲೇ ಬದುಕಿ ಪತಂಗಗಳಾದವು. 2010ರ ನಂತರ ತಾಳುವ ಹುಳಗಳ ಪ್ರಮಾಣ ಇಳಿಯಿತು.

ನಮ್ಮಲ್ಲೂ ಹೈಬ್ರಿಡ್ಡೇ ಅಲ್ವಾ ಅಂತ ಕೇಳಬಹುದು. ಹೌದು, ಭಾರತ ಹತ್ತಿ ಹೈಬ್ರಿಡ್‌ಗಳ ತವರು, ಧಾರವಾಡದಿಂದ 1972ರಲ್ಲಿ ಬಂದ ವರಲಕ್ಷ್ಮಿ ತಳಿಯ ಹೆಸರು ಹಳೆಯ ಹತ್ತಿ ಬೆಳೆಗಾರರಿಗೆ ಇವತ್ತಿಗೂ ಗೊತ್ತು. ಆದರೆ ನಮ್ಮದು ಮೊದಲನೇ ಪೀಳಿಗೆಯ ಹೈಬ್ರಿಡ್. ಅಪ್ಪ ಅಮ್ಮನಲ್ಲಿ ಒಂದು ಬಿಟಿ, ಇನ್ನೊಂದು ಸಾದಾ. ಹೊಲದ ಪ್ರತಿ ಗಿಡದಲ್ಲೂ ಬಿಟಿ ಇರುತ್ತದೆ, ಆದರೆ ಒಂದೇ ಪ್ರತಿ. ಹಾಗಾಗಿ ಬೇರೆ ಬೇರೆಯಾಗಿ ಒಡೆಯೋದು ಗಿಡಗಳಲ್ಲಿ ಅಲ್ಲ, ಕಾಯಿಯೊಳಗಿನ ಬೀಜಗಳಲ್ಲಿ. ಒಂದೇ ಕಾಯಿಯಲ್ಲಿ ನಾಲ್ಕರಲ್ಲಿ ಮೂರು ಬೀಜಕ್ಕೆ ವಿಷ, ಒಂದಕ್ಕೆ ಇಲ್ಲ. ಎರಡು ವಿಷದ ಬೋಲ್‌ಗಾರ್ಡ್-2ರಲ್ಲಿ ಹದಿನಾರು ಬೀಜದಲ್ಲಿ ಒಂಬತ್ತಕ್ಕೆ ಎರಡೂ, ಮೂರಕ್ಕೆ ಮೊದಲನೆಯದು ಮಾತ್ರ, ಮೂರಕ್ಕೆ ಎರಡನೆಯದು ಮಾತ್ರ, ಒಂದಕ್ಕೆ ಏನೂ ಇಲ್ಲ. ಗುಲಾಬಿ ಹುಳ ತಿನ್ನೋದೇ ಬೀಜ. ವಿಷ ಇಲ್ಲದ ಬೀಜ ಒಂದು, ಅರ್ಧ ವಿಷದ ಬೀಜ ಇನ್ನೊಂದು, ಹೀಗೆ ಬೆರಕೆ ಊಟ ಮಾಡಿದ ಹುಳಕ್ಕೆ ಸಿಗೋದು ಸಾಯುವಷ್ಟು ಇಲ್ಲದ ವಿಷ. 'ಸತ' ಹುಳಗಳು ಬದುಕೋಕೆ ಹೇಳಿ ಮಾಡಿಸಿದ ಜಾಗ. ಚೀನಾದಲ್ಲಿ ಹುಳವನ್ನು ಸೋಲಿಸಿದ ಅದೇ ಕಾಲುಭಾಗ, ನಮ್ಮಲ್ಲಿ ಹುಳಕ್ಕೆ ಸಹಾಯ ಮಾಡಿತು. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೇಶವ ಕ್ರಾಂತಿ ಈ ಹೈಬ್ರಿಡ್ ತೊಂದರೆಯ ಬಗ್ಗೆ ಮತ್ತೆ ಮತ್ತೆ ಬರೆದಿದ್ದಾರೆ.

ಇದರ ಮೇಲೆ ನಮ್ಮ ಹೈಬ್ರಿಡ್‌ಗಳು ಉದ್ದ ಅವಧಿಯವು. ಗಿಡಕ್ಕೆ ವಯಸ್ಸಾದಂತೆ ಅದರಲ್ಲಿ ಕ್ರೈ1ಎಸಿ ಕಡಿಮೆಯಾಗುತ್ತದೆ. ಗುಲಾಬಿ ಹುಳ ಜಾಸ್ತಿ ಕಾಣಿಸಿಕೊಳ್ಳೋದು ಅದೇ ಹೊತ್ತಿಗೆ, ಕೊನೆ ಕೊನೆಯ ಕಾಯಿಗಳ ಮೇಲೆ. ಕಾಲುವೆ ನೀರು ಇರುವ ಕಡೆ ಹತ್ತಿಯನ್ನು ಫೆಬ್ರವರಿ, ಮಾರ್ಚ್‌ವರೆಗೂ ಎಳೆಯುತ್ತಾರೆ. ಇನ್ನೆರಡು ಸಲ ಹತ್ತಿ ಬಿಡಿಸಿದರೆ ಕೈಗೆ ಒಂದಷ್ಟು ದುಡ್ಡು, ಯಾರು ಬಿಡುತ್ತಾರೆ ಹೇಳಿ. ಆದರೆ ಹುಳಕ್ಕೆ ಅದರಿಂದ ಒಂದೆರಡು ಪೀಳಿಗೆ ಹೆಚ್ಚು ಸಿಗುತ್ತದೆ, ಅದೂ ಅರೆಬರೆ ವಿಷದ ಕಾಯಿಗಳ ಮೇಲೆ.

ಆಶ್ರಯ ಬೆಳೆಯ ನಿಯಮ ನಮ್ಮಲ್ಲೂ ಇತ್ತು. 450 ಗ್ರಾಂ ಬಿಟಿ ಬೀಜದ ಪ್ಯಾಕೆಟ್ ಜೊತೆ 120 ಗ್ರಾಂನ ನಾನ್-ಬಿಟಿ ಪ್ಯಾಕೆಟ್ ಕೊಡುತ್ತಿದ್ದರು. ಹೊಲದ ಶೇ 20 ಜಾಗದಲ್ಲಿ, ಇಲ್ಲವೇ ಸುತ್ತ ಐದು ಸಾಲು, ಯಾವುದು ಜಾಸ್ತಿಯೋ ಅಷ್ಟು ಹಾಕಬೇಕು. ಬಹುಪಾಲು ರೈತರು ಹಾಕಲಿಲ್ಲ. ಆ ಸಣ್ಣ ಪ್ಯಾಕೆಟ್ ಬದುವಿನಲ್ಲೇ ಬಿದ್ದಿರುತ್ತಿತ್ತು. ಇದಕ್ಕೆ ರೈತರನ್ನೇ ಬೈಯ್ಯೋದು ಸುಲಭ, ಬೈದವರೂ ಬಹಳ. ನನಗೆ ಅದು ಸರಿ ಅನ್ನಿಸುವುದಿಲ್ಲ. ಎರಡು ಎಕರೆ ಇರುವವನಿಗೆ ಹದಿನಾರು ಗುಂಟೆಯಲ್ಲಿ ಹುಳಕ್ಕೆ ಹತ್ತಿ ಬೆಳೆದು ಕೊಡು ಅಂದ ಹಾಗೆ ಅದು. ನಷ್ಟ ಅವನೊಬ್ಬನದು, ಲಾಭ ಊರಿನದು, ಅದೂ ಪಕ್ಕದ ಹೊಲದವರೂ ಹಾಕಿದರೆ ಮಾತ್ರ. ಆ ಪ್ಯಾಕೆಟ್‌ಗಳಲ್ಲಿ ಎಷ್ಟೋ ಸಲ ಬೀಜದ ಗುಣಮಟ್ಟವೇ ಸರಿ ಇರುತ್ತಿರಲಿಲ್ಲ. ಹಾಕಿದ್ದಾರಾ ಅಂತ ನೋಡೋರೂ ಇರಲಿಲ್ಲ. ದೊಡ್ಡ ಜಮೀನಿನ ಅರಿಜೋನಾಗೆ ಹೊಂದುವ ನಿಯಮವನ್ನು ಸಣ್ಣ ಹಿಡುವಳಿಯ ದೇಶಕ್ಕೆ ತಂದು, ಬೀಜ ಒಳಗೇ ಬೆರೆಸಿ ಕೊಡುವ ಬದಲು ಬೇರೆ ಪ್ಯಾಕೆಟ್ ಮಾಡಿ ಕೊಟ್ಟರೆ ಇನ್ನೇನಾಗುತ್ತದೆ?

ಇಲ್ಲಿ ಇನ್ನೊಂದು ಹುಳದ ಮಾತು ಹೇಳಲೇಬೇಕು. ಬಿಟಿ ಹತ್ತಿ ತಂದದ್ದೇ ಮುಖ್ಯವಾಗಿ ಹೆಲಿಕೊವರ್ಪಾ ಅನ್ನೋ ದೊಡ್ಡ ಕಾಯಿಕೊರಕಕ್ಕಾಗಿ. 1980ರ ದಶಕದ ಕೊನೆಯಲ್ಲಿ ಆಂಧ್ರದಲ್ಲಿ ಅದು ಪೈರೆಥ್ರಾಯ್ಡ್ ಔಷಧಿಗಳನ್ನೇ ತಾಳಿಕೊಂಡು ಹತ್ತಿ ಬೆಳೆಗಾರರನ್ನು ಮುಳುಗಿಸಿತ್ತು, ಔಷಧಿಗೆ ಬಗ್ಗದ ಹುಳ ಅಂದರೆ ಅದೇ ಅನ್ನುವಷ್ಟು. ಅದಕ್ಕೇ ಬಿಟಿಯನ್ನು ಮೊದಲು ಸೋಲಿಸೋದು ಅದೇ ಅಂತ ಯಾರಿಗಾದರೂ ಅನ್ನಿಸುತ್ತಿತ್ತು. ಆದರೆ ಅದೇ ಹೊಲಗಳಲ್ಲಿ, ಅದೇ ಬಿಟಿ ಹತ್ತಿಯ ಮೇಲೆ, ಹೆಲಿಕೊವರ್ಪಾ ಗುಲಾಬಿ ಹುಳದ ಹಾಗೆ ಮೇಲೇಳಲಿಲ್ಲ. ಕಾರಣ ಅದರ ಊಟ. ಅದು ತೊಗರಿ ತಿನ್ನುತ್ತದೆ, ಕಡಲೆ ತಿನ್ನುತ್ತದೆ, ಟೊಮೆಟೊ ತಿನ್ನುತ್ತದೆ. ಕಲಬುರಗಿ ಸೀಮೆಯ ತೊಗರಿ ಹೊಲಗಳೆಲ್ಲ ಅದಕ್ಕೆ ಪುಕ್ಕಟೆ ಆಶ್ರಯ ಬೆಳೆಗಳೇ. ಅಲ್ಲಿಂದ ಬರುವ 'ಸಸ' ಪತಂಗಗಳಿಗೆ ಲೆಕ್ಕವಿಲ್ಲ. ಹತ್ತಿಯೊಂದನ್ನೇ ನಂಬಿದ ಗುಲಾಬಿ ಹುಳಕ್ಕೆ ಹತ್ತಿಯೆಲ್ಲ ಬಿಟಿ ಆದ ದಿನವೇ ಬೇರೆ ದಾರಿ ಮುಚ್ಚಿತು. ತಾಳೋದು, ಇಲ್ಲ ಸಾಯೋದು.

ಬೋಲ್‌ಗಾರ್ಡ್-2 ಯಾಕೆ ಅಷ್ಟು ಬೇಗ ಸೋತಿತು ಅನ್ನೋದೂ ಇದೇ ಲೆಕ್ಕದಲ್ಲಿ ಬರುತ್ತದೆ. ಎರಡು ವಿಷ ಒಟ್ಟಿಗೆ ಇದ್ದರೆ ಹುಳ ಎರಡಕ್ಕೂ ಒಂದೇ ಸಲ ತಾಳಬೇಕು, ಅದು ಬಹಳ ಅಪರೂಪ. ಆದರೆ ಅದು ನಡೆಯೋದು ಎರಡೂ ವಿಷ ಕೆಲಸ ಮಾಡುತ್ತಿದ್ದರೆ ಮಾತ್ರ. ನಮ್ಮಲ್ಲಿ ಒಂದು ವಿಷದ ಬೀಜ ಮೊದಲು ಬಂದು, ಎರಡು ವಿಷದ್ದು ನಾಲ್ಕು ವರ್ಷ ತಡವಾಗಿ ಬಂದು, ಎರಡೂ ಅಕ್ಕಪಕ್ಕದ ಹೊಲದಲ್ಲಿ ಬೆಳೆದವು. ಹುಳಗಳು ಒಂದು ವಿಷದ ಹೊಲದಲ್ಲಿ ಮೊದಲನೆಯದನ್ನು ದಾಟಿದವು, ಆಮೇಲೆ ಎರಡನೆಯದು ಒಂಟಿಯಾಗಿ ಉಳಿಯಿತು. ಹುಳಕ್ಕೆ ಒಂದೊಂದೇ ಮೆಟ್ಟಿಲು ಹತ್ತಿಸಿದ ಹಾಗಾಯಿತು. ಗುಜರಾತಿನಲ್ಲಿ ಅನುಮತಿಗೂ ಮೊದಲೇ ಬಿಟಿ ಇತ್ತು ಅಂದೆನಲ್ಲ, ಮೊದಲು ಸೋತದ್ದೂ ಅಲ್ಲೇ.

ರೈತರಿಗೆ ಆದದ್ದು ಎರಡೆರಡು ಸಲದ ಹೊಡೆತ. ಬೀಜಕ್ಕೂ ದುಡ್ಡು, ಔಷಧಿಗೂ ದುಡ್ಡು. 2017ರಲ್ಲಿ ಮಹಾರಾಷ್ಟ್ರದಲ್ಲಿ ಗುಲಾಬಿ ಹುಳದಿಂದ ಭಾರಿ ನಷ್ಟವಾಯಿತು. ಅದೇ ವರ್ಷ ಯವತ್ಮಾಳದಲ್ಲಿ ಔಷಧಿ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಈ ಹುಳವೊಂದೇ ಕಾರಣ ಅಂತ ಹೇಳಲಾಗದು, ರಸ ಹೀರುವ ಕೀಟಗಳಿಗೂ ಹೊಡೆಯುತ್ತಿದ್ದರು. ಆದರೆ ಔಷಧಿ ಡಬ್ಬ ಕೆಳಗಿಡಬಹುದು ಅಂತ ಹೇಳಿ ಮಾರಿದ ಬೀಜದ ಹೊಲದಲ್ಲೇ ಜನ ಮತ್ತೆ ಡಬ್ಬ ಹೊತ್ತಿದ್ದರು.

ಈಗ ನಮ್ಮ ಕಡೆ ಏನು ಮಾಡುತ್ತಿದ್ದಾರೆ? ಬೇಗ ಮುಗಿಯುವ ತಳಿ ಹಾಕಿ, ಡಿಸೆಂಬರ್ ಹೊತ್ತಿಗೆ ಹತ್ತಿ ಕಿತ್ತುಬಿಡಿ, ಕೂಳೆ ಬಿಡಬೇಡಿ, ಒಣ ಕಡ್ಡಿ ಬದುವಿನಲ್ಲಿ ಒಟ್ಟಬೇಡಿ, ಅದರಲ್ಲಿ ಉಳಿದ ಕಾಯಿಗಳೊಳಗೆ ಹುಳ ಮಲಗಿರುತ್ತದೆ. ಜಿನ್ನಿಂಗ್ ಮಿಲ್ ಸುತ್ತ ಮೋಹಕ ಬಲೆ ಹಾಕಿ. ಹೊಲದಲ್ಲೂ ಹಾಕಿ, ಸತತ ಮೂರು ರಾತ್ರಿ ಬಲೆಗೆ ಎಂಟೆಂಟು ಪತಂಗ ಬಿದ್ದರೆ ಔಷಧಿಗೆ ಸಮಯ ಬಂತು ಅಂತ ತಿಳಿಯಿರಿ. ಆ ಬಲೆಯೊಳಗೆ ಇಡೋದು ಹೆಣ್ಣು ಪತಂಗದ ವಾಸನೆ, ಗಾಸಿಪ್ಲೂರ್. ಅದೇ ವಾಸನೆಯನ್ನು ಗಿಡಗಳಿಗೆ ಅಲ್ಲಲ್ಲಿ ಕಟ್ಟಿ, ಇಲ್ಲವೇ ಮುಲಾಮಿನ ಹಾಗೆ ಹಚ್ಚಿ ಇಡೀ ಹೊಲಕ್ಕೆ ಹರಡಿದರೆ ಗಂಡು ಪತಂಗಕ್ಕೆ ನಿಜವಾದ ಹೆಣ್ಣು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನೋಡಿ, ಇಲ್ಲೂ ಕೆಲಸ ನಡೆಯೋದು ವಿಷದ ಮೇಲಲ್ಲ, ಜೋಡಿಯ ಮೇಲೆ. ಅರಿಜೋನಾದ ಬಂಜೆ ಪತಂಗದ ದಾರಿ ನಮಗೆ ಸಾಧ್ಯವಿಲ್ಲ ಅಂತಲೇ ನನ್ನ ಅಭಿಪ್ರಾಯ. ಅಲ್ಲಿ ಬಿಟಿ ಮೊದಲೇ ಹುಳವನ್ನು ತಗ್ಗಿಸಿತ್ತು, ಹೊಲಗಳೂ ಕಡಿಮೆ. ನಮ್ಮಲ್ಲಿ ಹತ್ತಿ ಸುಮಾರು 1.2 ಕೋಟಿ ಹೆಕ್ಟೇರ್, ಹುಳ ತುಂಬಿ ತುಳುಕುತ್ತಿದೆ, ಅದಕ್ಕೆ ತಕ್ಕಷ್ಟು ಬಂಜೆ ಪತಂಗ ಸಾಕೋದು ಯಾರಿಂದಾದೀತು.

ಕೊನೆಗೆ ನಾನ್-ಬಿಟಿ ಬೀಜವನ್ನು ಅದೇ ಪ್ಯಾಕೆಟ್ ಒಳಗೆ ಬೆರೆಸಿ ಕೊಡುವ ಪದ್ಧತಿಯೂ ಬಂದಿದೆ. ಲೆಕ್ಕದ ಪ್ರಕಾರ ಈ ಹುಳಕ್ಕೆ ಸರಿಯಾದ ಪದ್ಧತಿ ಅದೇ, 2002ರಲ್ಲೇ ಬರಬೇಕಿತ್ತು. ಆದರೆ ಆಶ್ರಯ ಬೆಳೆ ಕೆಲಸ ಮಾಡೋದು ಅದರಿಂದ 'ಸಸ' ಪತಂಗ ಹಾರಿ ಬಂದರೆ ಮಾತ್ರ. ನಮ್ಮ ಮಧ್ಯ, ದಕ್ಷಿಣ ಸೀಮೆಯಲ್ಲಿ ಈಗ ಸಾದಾ ಗಿಡದ ಕಾಯಿಯಲ್ಲಿ ಬೆಳೆಯುವ ಹುಳಗಳಲ್ಲೂ ಬಹುಪಾಲು ತಾಳುವವೇ.